ಕಾಶಿ ಕಣಗಿಲೆಯ ಜೊತೆ ನನ್ನನ್ನೂ ಸಾಕಿದವರಿಗೆ

ಮೊನ್ನೆ ಕಾಶಿ ಕಣಗಿಲೆ ಗಿಡದ ಮೇಲಿನ ನನ್ನ ಪಿಎಚ್.ಡಿ. ವೈವಾ (ಮೌಖಿಕ ಪರೀಕ್ಷೆ) ಮುಗಿಯಿತು. ಥೀಸಿಸ್‌ನ ಕೃತಜ್ಞತೆಯ ಪುಟದಲ್ಲಿ ಎಲ್ಲರಿಗೂ ಜಾಗ ಸಾಲಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನಮ್ಮ ನರ್ಸರಿಯ ಅಮ್ಮನಿಗೆ. ಕಾಶಿ ಕಣಗಿಲೆಗೆ ನೀರು ನಿಂತರೆ ಬೇರು ಕೊಳೆಯುತ್ತದೆ. ಮಳೆ ಬಂದಾಗೆಲ್ಲ ಕುಂಡಗಳನ್ನು ಅವರೇ ಒಳಗಿಡುತ್ತಿದ್ದರು. ಪೂಜೆಗೆ ಅಂತ ಯಾರಾದರೂ ಹೂವಿಗೆ ಕೈ ಹಾಕಿದರೆ, "ಮುಟ್ಬೇಡಿ, ಅದು ಮಕ್ಕಳ ಔಷಧಿ ಗಿಡ" ಅನ್ನುತ್ತಿದ್ದರು. ನಿಜವೇ ಅಲ್ವಾ? ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟೀನ್ ಸಿಕ್ಕಿದ್ದು ಈ ಗಿಡದಿಂದಲೇ.

ಗೈಡ್ ಮೇಡಂಗೆ ಎಷ್ಟು ಹೇಳಿದರೂ ಕಡಿಮೆ. ಫಲಿತಾಂಶ ಕೈಕೊಟ್ಟಾಗ ಅವರು ಕೆನಡಾದ ವಿಜ್ಞಾನಿಗಳಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಕಥೆ ಹೇಳಿದರು. ಜಮೈಕಾದಿಂದ ಬಂದ ಈ ಗಿಡದ ಎಲೆಗಳನ್ನು ಅವರಿಬ್ಬರು ಸಕ್ಕರೆ ಕಾಯಿಲೆಗೆ ಆಗುತ್ತಾ ಅಂತ ಇಲಿಗಳ ಮೇಲೆ ನೋಡಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಅದರ ಬೆನ್ನು ಹತ್ತಿ 1958ರ ಹೊತ್ತಿಗೆ ಇನ್ನೊಂದು ಕ್ಯಾನ್ಸರ್ ಔಷಧಿಯಾದ ವಿನ್‌ಬ್ಲಾಸ್ಟೀನ್ ಬೇರ್ಪಡಿಸಿದರು.

1 ಗ್ರಾಂ ವಿನ್‌ಬ್ಲಾಸ್ಟೀನ್‌ಗೆ ಸುಮಾರು 500 ಕಿಲೋ ಒಣ ಎಲೆ ಬೇಕು. ಯಾಕಿಷ್ಟು? ಗಿಡ ಮೊದಲು ಟ್ರಿಪ್ಟಮೀನ್ ಮತ್ತು ಸೆಕೊಲೊಗಾನಿನ್ ಎಂಬ ಎರಡು ರಾಸಾಯನಿಕ ಸೇರಿಸಿ ಸ್ಟ್ರಿಕ್ಟೊಸಿಡಿನ್ ಎಂಬ ಮೂರನೆಯದನ್ನು ಮಾಡುತ್ತದೆ. ಅಲ್ಲಿಂದ ನೂರಕ್ಕೂ ಜಾಸ್ತಿ ಸಾರಜನಕವಿರುವ ಸಸ್ಯ ರಾಸಾಯನಿಕಗಳಿಗೆ, ಅಂದರೆ ಆಲ್ಕಲಾಯ್ಡ್‌ಗಳಿಗೆ ದಾರಿ ಕವಲೊಡೆಯುತ್ತದೆ. ಅವುಗಳಲ್ಲಿ ಕ್ಯಾಥರಾಂಥಿನ್ ಮತ್ತು ವಿಂಡೋಲಿನ್ ಕೂಡಿದರಷ್ಟೇ ವಿನ್‌ಬ್ಲಾಸ್ಟೀನ್. ಆದರೆ ಎಲೆಯಲ್ಲಿ ಅವೆರಡೂ ದೂರ ದೂರ.

ಅದನ್ನು ನನ್ನ ಕಣ್ಣಿಗೇ ತೋರಿಸಿದ್ದು ಲ್ಯಾಬಿನ ಸೀನಿಯರ್ ಅಕ್ಕ. ಎಳೆ ಎಲೆಯನ್ನು ಕ್ಲೋರೋಫಾರ್ಮ್‌ನಲ್ಲಿ ಅದ್ದಿ ತಕ್ಷಣ ತೆಗೆಯಲು ಹೇಳಿದಳು. ಮೇಲಿನ ಮೇಣವಷ್ಟೇ ಕರಗಬೇಕು. ಆ ದ್ರವದ ಒಂದು ಹನಿ, ಅರೆದ ಎಲೆಯ ಒಂದು ಹನಿ, ರಾಸಾಯನಿಕಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸುವ ಟಿಎಲ್‌ಸಿ ಪ್ಲೇಟಿನ ಮೇಲಿಟ್ಟೆವು. ಆಲ್ಕಲಾಯ್ಡ್ ಇದ್ದರೆ ಬಣ್ಣ ತೋರಿಸುವ ಡ್ರ್ಯಾಗೆಂಡಾರ್ಫ್ ದ್ರಾವಣ ಸಿಂಪಡಿಸಿದಾಗ ಕಿತ್ತಳೆ ಬಣ್ಣದ ಚುಕ್ಕೆಗಳು ಎದ್ದವು. ಮೇಣದ ಜೊತೆ ಬಂದಿದ್ದು ಕ್ಯಾಥರಾಂಥಿನ್. ವಿಂಡೋಲಿನ್ ಎಲೆಯೊಳಗೇ ಕೂತಿತ್ತು. ಸಸ್ಯ ವಿಜ್ಞಾನಿ ವಿನ್ಸೆಂಜೊ ಡೆ ಲೂಕಾ ಅವರ ತಂಡ 2010ರಲ್ಲೇ ಬರೆದಿದ್ದ ವಿಷಯ ಅದು. ಆದರೂ ಆ ಚುಕ್ಕೆ ನೋಡಿದ ಮೇಲೇ ನನಗೆ ಈ ಕೆಲಸ ಬಿಡಬಾರದು ಅನ್ನಿಸಿದ್ದು. ಅಕ್ಕಾ, ಆ ಮಧ್ಯಾಹ್ನಕ್ಕೆ ತುಂಬಾ ಥ್ಯಾಂಕ್ಸ್.

ಫೆಲೋಶಿಪ್ ಹಣ ತಡವಾದ ತಿಂಗಳುಗಳಲ್ಲಿ ಅಪ್ಪ ಕೇಳದೆಯೇ ದುಡ್ಡು ಹಾಕಿದರು. ಅಮ್ಮ "ಯಾವಾಗ ಮುಗಿಯುತ್ತೆ" ಅಂತ ಒಂದು ದಿನವೂ ಕೇಳಲಿಲ್ಲ.

ಕುಂಡಗಳನ್ನು ಈಗ ಜೂನಿಯರ್ ಹುಡುಗ ವಹಿಸಿಕೊಂಡಿದ್ದಾನೆ. ಬೇರಿನ ಆಲ್ಕಲಾಯ್ಡ್‌ಗಳನ್ನು ನೋಡುತ್ತಾನಂತೆ. ತಮ್ಮಾ, ನಿನಗೂ ಈಗಲೇ ಥ್ಯಾಂಕ್ಸ್. ನೀರಿನ ವಿಷಯ ಮಾತ್ರ ನರ್ಸರಿ ಅಮ್ಮನನ್ನು ಕೇಳಿಯೇ ಮಾಡು.