ಬಿಲ್‌ನಲ್ಲಿ ಸೆನ್ಸರ್ ಹೊಸದು, ಮೆಷಿನ್ ಒಳಗೆ ಹಳೇದೇ: ರಿದಂ ಪ್ಯಾಡ್ ರಿಪೇರಿ ಬಗ್ಗೆ ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,
ಬೆಂಗಳೂರು ಸರ್ವಿಸ್ ಸೆಂಟರ್

ವಿಷಯ: ಎಂಟು ಪ್ಯಾಡಿನ ರಿದಂ ಮೆಷಿನ್, ಮಾಡದೇ ಇರೋ ಕೆಲಸಕ್ಕೆ ತಗೊಂಡಿರೋ ದುಡ್ಡು ವಾಪಸ್ ಕೊಡೋ ಬಗ್ಗೆ

ನಮಸ್ಕಾರ ಸಾರ್,

ನಾನು ದಾವಣಗೆರೆ ಕಡೆಯ ಆರ್ಕೆಸ್ಟ್ರಾದಲ್ಲಿ ಪ್ಯಾಡ್ ನುಡಿಸೋನು, ಅದೇ ಕಡ್ಡೀಲಿ ಹೊಡೆದ್ರೆ ಢೋಲಕ್ ಥರದ ವಾದ್ಯಗಳ ಸದ್ದು ಕೊಡೋ ಎಲೆಕ್ಟ್ರಾನಿಕ್ ಮೆಷಿನ್. ಫೋನ್ ಮಾಡಿದ್ರೆ ನಿಮ್ಮ ಹುಡುಗರು "ಮೇಲ್ ಹಾಕಿ ಸಾರ್, ನೋಡ್ತೀವಿ" ಅಂತಾರೆ, ಅದಕ್ಕೇ ಎಲ್ಲಾ ಬರೆದೇ ಕಳಿಸ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಗಣೇಶನ ಹಬ್ಬಕ್ಕೆ ಮುಂಚೆ ನನ್ನ ಮೆಷಿನ್ನಿನ ಮೂರನೇ ಪ್ಯಾಡ್ ಕೈ ಕೊಡೋಕೆ ಶುರು ಆಯ್ತು. ನಡುವೆ ಹೊಡೆದ್ರೆ ಸದ್ದೇ ಇಲ್ಲ, ಅಂಚಲ್ಲಿ ಹೊಡೆದ್ರೆ ಬರುತ್ತೆ, ಮೆತ್ತಗೆ ಹೊಡೆದಿದ್ದೆಲ್ಲ ನುಂಗಿ ಹಾಕುತ್ತೆ. ನಾನು ಢೋಲಕ್ ಟೋನ್ ಇಟ್ಕೊಂಡಿರೋದೇ ಆ ಪ್ಯಾಡಲ್ಲಿ, ಅದಿಲ್ದೆ ಜಾನಪದ ಗೀತೆ ಹೇಗೆ ನುಡಿಸ್ಲಿ? ವಾರಂಟಿ ಮುಗಿದಿತ್ತು, ಆದ್ರೂ ಬೇರೆ ಕಡೆ ಕೊಡೋದು ಬೇಡ, ಕಂಪನಿಯವರೇ ಮಾಡ್ಲಿ ಅಂತ ನಿಮ್ಮ ಹತ್ರ ತಂದು ಕೊಟ್ಟೆ. ಮೂರು ಮತ್ತು ನಾಲ್ಕನೇ ಪ್ಯಾಡಿಗೆ "ಸೆನ್ಸರ್ ಮತ್ತು ಕುಶನ್ ಬದಲಾವಣೆ" ಅಂತ ಬಿಲ್ ಹಾಕಿದ್ರಿ, 4,200 ರೂಪಾಯಿ, ಅಲ್ಲೇ ಯುಪಿಐ ಮಾಡ್ದೆ. ಬಿಲ್ ಕಾಪಿ ಇದರ ಜೊತೆ ಇದೆ.

ಊರಿಗೆ ತಂದು ಪೆಂಡಾಲಲ್ಲಿ ಮೊದಲನೇ ಹಾಡಿಗೆ ಕೂತ್ರೆ ಮೂರನೇ ಪ್ಯಾಡಿಗೆ ಒಂದು ಪೆಟ್ಟು ಕೊಟ್ರೆ ಎರಡು ಸದ್ದು, ಪಕ್ಕದ ನಾಲ್ಕರಲ್ಲಿ ಹೊಡೆದ್ರೆ ಮೂರು ತಾನೇ ಬಾರಿಸುತ್ತೆ, ಗಾಯಕಿ ನನ್ನ ಕಡೆ ತಿರುಗಿ ನೋಡ್ತಾಳೆ, ಕೀಬೋರ್ಡಿನವನು ಕಣ್ಣು ಬಿಡ್ತಾನೆ. ಮರುದಿನ ಫೋನ್ ಮಾಡಿದ್ರೆ ನಿಮ್ಮವರು ಹೇಳಿದ್ದು, "ಮೇನ್ ಬೋರ್ಡ್ ವೀಕ್ ಆಗಿದೆ, ಬೋರ್ಡೇ ಚೇಂಜ್ ಮಾಡ್ಬೇಕು, 18,500 ಆಗುತ್ತೆ, ಅದರ ಬದಲು ಹೊಸ ಮಾಡೆಲ್ ತಗೊಂಡ್ಬಿಡಿ." ಮೆಷಿನ್ ನೋಡದೇ, ಫೋನಲ್ಲೇ!

ಆಮೇಲೆ ನಮ್ಮೂರಿನ ಟಿವಿ ಮೆಕ್ಯಾನಿಕ್ ಅಂಗಡಿಲಿ ಕೂತು ಬಿಚ್ಚಿಸಿದೆ. ಮೊದಲು ಸೆಟ್ಟಿಂಗ್ ನೋಡಿದ್ವಿ. ಮೂರನೇ ಪ್ಯಾಡಿನ ಸೆನ್ಸಿಟಿವಿಟಿ ಪೂರ್ತಿ ಮೇಲಕ್ಕೆ, ಥ್ರೆಶೋಲ್ಡ್ (ಎಷ್ಟು ಜೋರು ಪೆಟ್ಟಿಂದ ಸದ್ದು ಶುರು ಅನ್ನೋ ಮಿತಿ) ಪೂರ್ತಿ ಕೆಳಕ್ಕೆ, ಕ್ರಾಸ್‌ಟಾಕ್ ಕ್ಯಾನ್ಸಲ್ (ಪಕ್ಕದ ಪ್ಯಾಡಿನ ಪೆಟ್ಟಿಗೆ ಇದು ಬಾರಿಸದ ಹಾಗೆ ತಡೆಯೋದು) ಸೊನ್ನೆ. ಇದೆಲ್ಲ ನಾನು ಇಟ್ಟಿದ್ದಲ್ಲ, ನಿಮ್ಮ ಬೆಂಚಲ್ಲೇ ಆಗಿದ್ದು. ಸತ್ತ ಸೆನ್ಸರಿಂದ ಹೇಗಾದ್ರೂ ಸದ್ದು ಹೊರಡಿಸಿ ಗಿರಾಕಿನ ಕಳಿಸ್ಬೇಕು ಅಂದ್ರೆ ಹೀಗೇ ಮಾಡೋದು. ಕೌಂಟರಲ್ಲಿ ಬೆರಳಲ್ಲಿ ತಟ್ಟಿ ತೋರ್ಸಿದಾಗ ಚೆನ್ನಾಗೇ ಕೇಳಿಸ್ತು, ಸ್ಟೇಜ್ ಮೇಲೆ ಕಡ್ಡಿ ಬಿದ್ದಾಗ ಗೊತ್ತಾಯ್ತು.

ರಬ್ಬರ್ ಶೀಟ್ ಎತ್ತಿದ್ರೆ ಒಳಗೆ ಕುಶನ್ ಅಂತ ಇರೋದು ಹಳೇ ಫೋಮೇ ಸಾರ್. ಮೂರನೇ ಪ್ಯಾಡಿನದು ಮುಟ್ಟಿದ್ರೆ ಹಳಸಿದ ರವೆ ಉಂಡೆ ಥರ ಉದುರುತ್ತೆ, ಬೆರಳಿಗೆ ಕಂದು ಬಣ್ಣದ ಅಂಟು. ಅದರ ಕೆಳಗಿನ ಪಿಯೆಜೊ, ಅದೇ ಪೆಟ್ಟನ್ನ ಕರೆಂಟ್ ಸಿಗ್ನಲ್ ಮಾಡೋ ಸೆನ್ಸರಿನ ಹಿತ್ತಾಳೆ ಬಿಲ್ಲೆ, ನಡುವಿನ ಬಿಳಿ ಸೆರಾಮಿಕ್ ಮೇಲೆ ಕೂದಲೆಳೆಯಷ್ಟು ಬಿರುಕು, ಕೆಂಪು ವೈರಿನ ಬೆಸುಗೆ ಅರ್ಧ ಎದ್ದಿದೆ. ಇದನ್ನ ಹೊಸ ಸೆನ್ಸರ್ ಅಂತೀರಾ? ಬಿಚ್ಚೋದಕ್ಕೆ ಮೊದಲಿಂದ ವಿಡಿಯೋ ಮಾಡ್ಕೊಂಡಿದೀನಿ, ಫೋಟೋಗಳನ್ನೂ ಕಳಿಸಿದೀನಿ.

ಈಗ ನಿಮ್ಮ ಬೋರ್ಡಿನ ಕಥೆಗೆ ಬರ್ತೀನಿ. ಒಂದು ಪ್ಯಾಡ್ ಕೆಟ್ರೆ ತಪ್ಪು ಸೆನ್ಸರಿನದೋ ಬೋರ್ಡಿನದೋ ಅಂತ ತಿಳಿಯೋಕೆ ದೊಡ್ಡ ಮೆಷಿನ್ ಏನೂ ಬೇಡ, ಮೂರು ಮತ್ತು ಐದನೇ ಪ್ಯಾಡಿನ ಕನೆಕ್ಟರ್ ಅದಲು ಬದಲು ಮಾಡಿದ್ರೆ ಸಾಕು. ಮಾಡಿದ್ವಿ. ಚೆನ್ನಾಗಿದ್ದ ಐದನೇ ಪ್ಯಾಡಿನ ಸೆನ್ಸರ್ ಮೂರನೇ ಲೈನಿಗೆ ಹಾಕಿದ್ರೆ ಢೋಲಕ್ ಗಣಗಣ ಅಂತ ಬಂತು, ಕೆಟ್ಟ ಸೆನ್ಸರ್ ಯಾವ ಲೈನಿಗೆ ಹೋದ್ರೂ ಅದೇ ರೋಗ. ಅಂದ್ರೆ ಬೋರ್ಡಿನ ಮೂರನೇ ಲೈನ್ ಸರಿಯಾಗಿದೆ. ಮಲ್ಟಿಮೀಟರನ್ನ ಎಸಿ ವೋಲ್ಟಿಗಿಟ್ಟು ಬಿಲ್ಲೆ ತಟ್ಟಿದ್ರೂ ಅಷ್ಟೇ, ಒಳ್ಳೇದರಲ್ಲಿ ರೀಡಿಂಗ್ ಎಗರುತ್ತೆ, ಇದರಲ್ಲಿ ಅಲ್ಲಾಡೋದೇ ಕಷ್ಟ. ಒಂದು ಪೆಟ್ಟಿಗೆ ಎರಡು ಸದ್ದು ಬರೋದಕ್ಕೂ ಕಾರಣ ಅಲ್ಲೇ ಇದೆ, ಫೋಮ್ ಉದುರಿ ಬಿಲ್ಲೆ ಸಡಿಲ ಆಗಿ ಒಳಗೇ ಅದುರ್ತಾ ಇರುತ್ತೆ, ಆ ಅದುರನ್ನ ಮೆಷಿನ್ ಎರಡನೇ ಪೆಟ್ಟು ಅಂತ ಲೆಕ್ಕ ಹಾಕುತ್ತೆ, ಪಕ್ಕದ ಪ್ಯಾಡಿನ ಅದುರೂ ತಡೆಯೋರಿಲ್ದೆ ಪ್ಲೇಟ್ ಮೂಲಕ ಇಲ್ಲಿಗೆ ಬರುತ್ತೆ. ರೀಟ್ರಿಗರ್ ಕ್ಯಾನ್ಸಲ್ (ಒಂದು ಪೆಟ್ಟಿಗೆ ಎರಡು ಸದ್ದು ಬರದ ಹಾಗೆ ತಡೆಯೋ ಸೆಟ್ಟಿಂಗ್) ಜಾಸ್ತಿ ಮಾಡಿ ಅಂತ ನಿಮ್ಮವರು ಫೋನಲ್ಲಿ ಉಪಾಯ ಹೇಳಿದ್ರಲ್ಲ, ಅದನ್ನ ಏರಿಸಿದ್ರೆ ರೋಲ್, ಅಂದ್ರೆ ಬೇಗ ಬೇಗ ಒಂದರ ಹಿಂದೊಂದು ಪೆಟ್ಟು, ಹೊಡೆದಾಗ ಅರ್ಧಕ್ಕರ್ಧ ಪೆಟ್ಟು ಬೀಳೋದೇ ಇಲ್ಲ. ನಿಮ್ಮಲ್ಲಿ ಯಾರಾದ್ರೂ ಪ್ಯಾಡ್ ನುಡಿಸೋರು ಇದಾರಾ ಅಂತ ಅನುಮಾನ ಬರುತ್ತೆ ನಂಗೆ.

ಹೊಸ 27 ಎಂಎಂ ಬಿಲ್ಲೆಗಳನ್ನ ಬೆಂಗಳೂರಿನ ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಫ್ರೆಂಡ್ ಕೈಲಿ ತರಿಸ್ದೆ, ಒಂದಕ್ಕೆ ಒಂದು ಟೀ ಬನ್ನಿನ ದುಡ್ಡೂ ಆಗ್ಲಿಲ್ಲ. ಮೆಕ್ಯಾನಿಕ್ ಸೆರಾಮಿಕ್ ಮೇಲೆ ಕಾವು ಜಾಸ್ತಿ ಹೊತ್ತು ನಿಲ್ಲದ ಹಾಗೆ ಮುಟ್ಟಿ ಎತ್ತಿ ಬೆಸುಗೆ ಹಾಕಿದ, ಹೊಸ ಫೋಮ್ ಟೇಪ್ ಅಂಟಿಸಿದ, ಸೆಟ್ಟಿಂಗ್ ಎಲ್ಲಾ ಫ್ಯಾಕ್ಟರಿ ಲೆವೆಲಿಗೆ ತಂದ್ವಿ. ಈಗ ಮೆತ್ತಗಿನ ಪೆಟ್ಟೂ ಬರುತ್ತೆ, ಎರಡು ಸದ್ದೂ ಇಲ್ಲ, ಅದೇ "ವೀಕ್" ಬೋರ್ಡಲ್ಲೇ! ಆದ್ರೆ ಮೂರು ಮತ್ತು ನಾಲ್ಕನೇ ಪ್ಯಾಡಿನ ರಬ್ಬರ್ ಶೀಟ್ ಸವೆದು ನಡುವೆ ಗುಳಿ ಬಿದ್ದಿದೆ, ಅದು ಹೊರಗೆಲ್ಲೂ ಸಿಗಲ್ಲ, ನೀವೇ ಕೊಡ್ಬೇಕು. ಕೇಳಿದ್ರೆ "ಬಿಡಿ ಭಾಗ ಮಾರಲ್ಲ, ಮೆಷಿನ್ ತಂದ್ರೆ ಹಾಕ್ತೀವಿ" ಅಂತಾರೆ. ತಂದ್ರೆ ಏನು ಹಾಕ್ತೀರ ಅಂತ ನೋಡಿ ಆಗಿದೆಯಲ್ಲ.

ನನ್ನ ಬೇಡಿಕೆ ಇಷ್ಟು. ಹಾಕದೇ ಇರೋ ಸೆನ್ಸರ್, ಕುಶನ್‌ಗೆ ತಗೊಂಡ 4,200 ವಾಪಸ್ ಕೊಡಿ. ಎರಡು ರಬ್ಬರ್ ಶೀಟ್‌ಗಳನ್ನ ರೇಟ್ ಹೇಳಿ ಮಾರಿ, ದುಡ್ಡು ಕೊಟ್ಟೇ ತಗೋತೀನಿ. ಬೋರ್ಡ್ ವೀಕ್ ಅಂತ ಯಾವ ಟೆಸ್ಟ್ ಮಾಡಿ ಹೇಳಿದ್ರಿ ಅನ್ನೋದನ್ನ ಬರಹದಲ್ಲಿ ಕೊಡಿ. ಇನ್ನು ಮುಂದೆ ಯಾರದೇ ಮೆಷಿನ್ ಬಂದ್ರೂ ತೆಗೆದ ಹಳೇ ಭಾಗಗಳನ್ನ ಕವರಲ್ಲಿ ಹಾಕಿ ಅವರ ಕೈಗೇ ಕೊಡಿ, ಸ್ಕೂಟರ್ ಗ್ಯಾರೇಜಿನವನೂ ಅಷ್ಟು ಮಾಡ್ತಾನೆ.

15 ದಿನದೊಳಗೆ ಉತ್ತರ ಬರದಿದ್ರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಲಿ ದೂರು ಕೊಡ್ತೀನಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಜಿಲ್ಲಾ ಆಯೋಗಕ್ಕೆ ಹೋಗ್ತೀನಿ. ನಾನಿರೋ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ನಾನು ಬೆಂಗಳೂರಿಗೆ ಓಡಾಡೋದಲ್ಲ, ನೀವೇ ದಾವಣಗೆರೆಗೆ ಓಡಾಡ್ಬೇಕಾಗುತ್ತೆ ನೋಡಿ.

ಬಿರುಕು ಬಿಟ್ಟ ಬಿಲ್ಲೆ, ಉದುರಿದ ಫೋಮ್ ಎರಡೂ ನನ್ನ ಹತ್ರ ಇವೆ, ನಿಮ್ಮ ಟೆಕ್ನಿಷಿಯನ್ ಬಂದು ನೋಡ್ಬಹುದು. ರಾಜ್ಯೋತ್ಸವದ ಪ್ರೋಗ್ರಾಂಗಳು ನವೆಂಬರ್ ಪೂರ್ತಿ ಇರುತ್ತೆ, ಸಂಜೆ ಮೇಲೆ ಫೋನ್ ಎತ್ತೋಕೆ ಆಗಲ್ಲ, ಬೆಳಿಗ್ಗೆ ಮಾಡಿ.

ಇಂತಿ,
ನಿಮ್ಮ ಗ್ರಾಹಕ
(ಜಾಬ್ ಶೀಟ್ ನಂಬರ್ ಬಿಲ್ ಮೇಲಿದೆ)