ಹಳೆಯ ಜೋಡಿ ನಳಿಗೆ ಕೋವಿ: ಕೊಳ್ಳುವ ಮುನ್ನ ನಳಿಗೆಯ ಒಳಗನ್ನು ನೋಡಿ

ಮಾನ್ಯ ಸಂಪಾದಕರಿಗೆ,

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಅಜ್ಜನ ಕಾಲದಿಂದ ಉಳಿದು ಬಂದ ಬೆಳೆ ರಕ್ಷಣೆಯ ಕೋವಿಗಳು ಈಗ ಕೈ ಬದಲಾಯಿಸುತ್ತಿವೆ. ಪರವಾನಗಿ ಹೊಂದಿದ್ದ ಹಿರಿಯರು ತೀರಿಕೊಂಡಿದ್ದಾರೆ, ಮಕ್ಕಳು ಬೆಂಗಳೂರು ಸೇರಿದ್ದಾರೆ. ಮಂಗ, ಹಂದಿಗಳನ್ನು ಬೆದರಿಸಲು ಒಂದು ಈಡಾದರೂ ಬೇಕೆನ್ನುವ ನೆರೆಯವರು ಆ ಕೋವಿಗಳನ್ನು ಕೊಳ್ಳುತ್ತಿದ್ದಾರೆ. ಕೊಳ್ಳುವಾಗ ಮರದ ಹಿಡಿ, ಪಕ್ಕದ ಕೆತ್ತನೆ, ವಿಲಾಯತಿ ತಯಾರಕರ ಹೆಸರು ಇವನ್ನೆಲ್ಲ ನೋಡುವವರು ನಳಿಗೆಯ ಒಳಗನ್ನು ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ಹಳೆಯ ಕಾಡತೂಸುಗಳ ಕೇಪಿನಲ್ಲಿ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಹಿಂಬದಿಯ ಪುಟ್ಟ ಬಟ್ಟಲಿನಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಗೆಯಲ್ಲಿ ಉಳಿಯುವುದು ಒಂದು ಬಗೆಯ ಉಪ್ಪು. ಅಡುಗೆ ಉಪ್ಪಿನಂತೆಯೇ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬರಿ ಎಣ್ಣೆ ಸವರಿದರೆ ಹೋಗುವುದಿಲ್ಲ, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಾಕಬೇಕು. ಹಳೆಯ ಕಾಲದ ಕೋವಿಮದ್ದಾದ ಕರಿಮದ್ದಿನ ಮಸಿಯೂ ಹಾಗೆಯೇ. ಘಟ್ಟದ ಮೇಲಿನ ನಾಲ್ಕು ತಿಂಗಳ ಮಳೆಯಲ್ಲಾಗಲಿ, ಕುಮಟಾ, ಅಂಕೋಲಾ, ಕಾರವಾರದ ಉಪ್ಪುಗಾಳಿಯಲ್ಲಾಗಲಿ ಚರ್ಮದ ಚೀಲದೊಳಗೆ ಮಲಗಿಸಿಟ್ಟ ಕೋವಿಯ ನಳಿಗೆ ಒಳಗಿಂದಲೇ ತುಕ್ಕು ತಿಂದು, ಸಿಡುಬಿನ ಕಲೆಯಂಥ ಗುಳಿಗಳು ಏಳುತ್ತವೆ. ಬಲ್ಲವರು ಇದನ್ನೇ ಪಿಟ್ಟಿಂಗ್ ಎನ್ನುತ್ತಾರೆ.

ನೋಡುವ ಕ್ರಮ ಕಷ್ಟದ್ದಲ್ಲ. ಕೋವಿ ಖಾಲಿಯಿದೆಯೆಂದು ಮೊದಲು ಖಚಿತಪಡಿಸಿಕೊಂಡು ನಳಿಗೆಗಳನ್ನು ಬಿಚ್ಚಬೇಕು. ಒಳಗಿನ ಎಣ್ಣೆಯನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಬೇಕು, ಏಕೆಂದರೆ ದಪ್ಪ ಎಣ್ಣೆ ಸಣ್ಣ ಗುಳಿಗಳನ್ನು ತುಂಬಿ ಮುಚ್ಚಿಬಿಡುತ್ತದೆ. ಬಳಿಕ ಕಿಟಕಿಯ ಬೆಳಕಿಗೋ ಟ್ಯೂಬ್‌ಲೈಟಿಗೋ ಹಿಡಿದು, ನಿಧಾನವಾಗಿ ತಿರುಗಿಸುತ್ತ, ಎರಡೂ ತುದಿಗಳಿಂದ ನೋಡಬೇಕು. ಚುಕ್ಕೆಚುಕ್ಕೆಯಾಗಿ ಕಪ್ಪಗೆ ಕಾಣುವುದು ಗುಳಿ. ಒಳಗೋಡೆಯ ಮೇಲೆ ಕಾಣುವ ಬೆಳಕಿನ ಬಳೆ ಒಂದು ಕಡೆ ಸೊಟ್ಟಗಾದರೆ ಅಲ್ಲಿ ನಳಿಗೆಗೆ ಪೆಟ್ಟು ಬಿದ್ದು ತಗ್ಗಾಗಿದೆ. ಸುತ್ತಲೂ ಕಪ್ಪು ಉಂಗುರ ಕಂಡರೆ ನಳಿಗೆ ಅಲ್ಲಿ ಉಬ್ಬಿದೆ, ಅಂಥದ್ದನ್ನು ಕೊಳ್ಳಲೇಬಾರದು. ಉದ್ದುದ್ದನೆಯ ಬೂದು ಗೆರೆಗಳು ಕಂಡ ಮಾತ್ರಕ್ಕೆ ಹೆದರಬೇಕಿಲ್ಲ. ಅದು ಚರೆಯ ಸೀಸ ಅಂಟಿದ್ದಿರಬಹುದು, ಕಂಚಿನ ಬ್ರಷ್ ಆಡಿಸಿದರೆ ಬಿಡುತ್ತದೆ. ಗುಳಿಯಾದರೆ ಎಷ್ಟು ಉಜ್ಜಿದರೂ ಅಲ್ಲೇ ಇರುತ್ತದೆ.

ಗುಳಿ ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ, ಎಷ್ಟು ಆಳವಿದೆ, ಅದರ ಹಿಂದೆ ಎಷ್ಟು ಉಕ್ಕು ಉಳಿದಿದೆ ಎನ್ನುವುದು ಮುಖ್ಯ. ಕಾಡತೂಸು ಕೂರುವ ಗೂಡಿನ ಸುತ್ತ ಒತ್ತಡ ಅತಿ ಹೆಚ್ಚು, ಆದರೆ ಅಲ್ಲಿ ಉಕ್ಕೂ ದಪ್ಪ. ಹಿಡಿದ ಎಡಗೈಯಿಂದ ಮುಂದಕ್ಕೆ, ನಳಿಗೆಯ ನಡುಭಾಗದಲ್ಲಿ ಉಕ್ಕು ತೆಳ್ಳಗಾಗುತ್ತ ಹೋಗುತ್ತದೆ. ಅಲ್ಲಿನ ಒಂದು ಆಳವಾದ ಗುಳಿ ಗೂಡಿನ ಬಳಿಯ ಹತ್ತು ಚಿಕ್ಕ ಗುಳಿಗಳಿಗಿಂತ ಅಪಾಯಕಾರಿ. ಆ ಭಾಗದಲ್ಲಿ 0.020 ಇಂಚಿಗಿಂತ, ಅಂದರೆ ಸುಮಾರು ಅರ್ಧ ಮಿಲಿಮೀಟರಿಗಿಂತ ತೆಳುವಾದ ನಳಿಗೆಯನ್ನು ಕೋವಿ ಬಲ್ಲವರು ಕೊಳ್ಳಲು ಹೇಳುವುದಿಲ್ಲ. ಮುಂದಿನ ಮರವನ್ನು ತೆಗೆದು ಅದರ ಅಡಿಯನ್ನೂ ನೋಡಬೇಕು. ಬೆವರು, ಮಳೆನೀರು ನಿಂತು ಹೊರಗಿನಿಂದ ತುಕ್ಕು ಹಿಡಿಯುವುದು ಅಲ್ಲಿಯೇ, ಮತ್ತು ಒಳಗುಳಿಯೂ ಹೊರಗುಳಿಯೂ ಎದುರುಬದುರಾದರೆ ನಡುವೆ ಉಳಿಯುವ ಉಕ್ಕು ಬಹಳ ಕಡಿಮೆ. ಎರಡು ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದ್ದರೆ ಒಳಕ್ಕೆ ನೀರು ಇಳಿದು, ಕಣ್ಣಿಗೆ ಕಾಣದ ಕಡೆ ತುಕ್ಕು ಬೆಳೆಯುತ್ತದೆ. ನಳಿಗೆಗಳನ್ನು ಕೊಕ್ಕೆಗೆ ತೂಗುಬಿಟ್ಟು ಬೆರಳಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಒಡಕು ಮಡಕೆಯ ಸದ್ದು ಬಂದರೆ ಬೆಸುಗೆ ಬಿಟ್ಟಿದೆಯೆಂದೇ ಅನುಮಾನಿಸಬೇಕು.

ಫಳಫಳ ಹೊಳೆಯುವ ನಳಿಗೆಯನ್ನು ಇನ್ನೂ ಹೆಚ್ಚು ಅನುಮಾನದಿಂದ ನೋಡಬೇಕೆಂದು ನಾನು ನಷ್ಟಪಟ್ಟು ಕಲಿತೆ. ಕೆಲ ವರ್ಷಗಳ ಹಿಂದೆ ಜಿಲ್ಲೆಯ ಹೊರಗಿನ ಒಬ್ಬ ವ್ಯಾಪಾರಿಯಿಂದ 12 ಬೋರಿನ ಇಂಗ್ಲಿಷ್ ಕೋವಿಯೊಂದನ್ನು ಕೊಂಡೆ. ಒಳಗೆ ಒಂದು ಚುಕ್ಕೆಯೂ ಇರಲಿಲ್ಲ, ಕನ್ನಡಿಯಂತಿತ್ತು. ಎರಡು ಮಳೆಗಾಲ ಬಳಸಿದ ಮೇಲೆ ಕೋವಿಯ ಕುದುರೆಯ (ಕೇಪಿಗೆ ಬಡಿಯುವ ಸುತ್ತಿಗೆಯ) ಸ್ಪ್ರಿಂಗ್ ರಿಪೇರಿಗೆಂದು ಪರವಾನಗಿಯುಳ್ಳ ಹಿರಿಯ ಮಿಸ್ತ್ರಿಯೊಬ್ಬರಲ್ಲಿಗೆ ಒಯ್ದಾಗ ಅವರು ನಳಿಗೆಯ ಅಡಿಯ ಬರ್ಮಿಂಗ್‌ಹ್ಯಾಂ ಪ್ರೂಫ್ ಮುದ್ರೆಗಳನ್ನು (ಹೆಚ್ಚು ಒತ್ತಡದ ಈಡು ಹಾರಿಸಿ ನಳಿಗೆಯನ್ನು ಪರೀಕ್ಷಿಸಿದ್ದಕ್ಕೆ ಒತ್ತುವ ಗುರುತುಗಳನ್ನು) ಓದಿ, ಒಳವ್ಯಾಸ ಅಳೆಯುವ ಗೇಜ್ ಇಳಿಸಿ ಅಳೆದರು. ಮುದ್ರೆಯಲ್ಲಿದ್ದದ್ದು .729 ಇಂಚು, ಗೇಜ್ ತೋರಿಸಿದ್ದು .743. ಗುಳಿಗಳನ್ನು ಮರೆಮಾಡಲು ಯಾರೋ ಒಳಗನ್ನು ಕೊರೆದು ಉಜ್ಜಿದ್ದರು. ಗುಳಿಯ ಜೊತೆ ಉಕ್ಕೂ ಹೋಗಿತ್ತು. ಪರೀಕ್ಷೆಯ ವೇಳೆಯ ಅಳತೆಗಿಂತ 0.010 ಇಂಚಿಗೂ ಹೆಚ್ಚು ಅಗಲವಾದ ನಳಿಗೆಗೆ ಹಳೆಯ ಪ್ರೂಫ್ ಮುದ್ರೆಯ ಭರವಸೆ ಇರುವುದಿಲ್ಲ ಎಂಬುದು ಇಂಗ್ಲೆಂಡಿನಲ್ಲಿ ಬಹುಕಾಲ ನಡೆದುಬಂದ ನಿಯಮವೆಂದು ನನಗೆ ಗೊತ್ತಾದದ್ದು ಆ ದಿನ. ಆ ಎರಡು ವರ್ಷ ನನ್ನ ಪಕ್ಕದಲ್ಲೇ ಮಗ ನಿಲ್ಲುತ್ತಿದ್ದುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ನಳಿಗೆಯ ಮೇಲೆ ಹಾವಿನ ಪೊರೆಯಂಥ ವಿನ್ಯಾಸವಿರುವ ಡಮಾಸ್ಕಸ್ ಕೋವಿಗಳ ಬಗ್ಗೆ ಒಂದೇ ಮಾತು. ಕಬ್ಬಿಣ ಮತ್ತು ಉಕ್ಕಿನ ಎಳೆಗಳನ್ನು ಹೆಣೆದು ಬಡಿದು ಮಾಡಿದ ಅವುಗಳಲ್ಲಿ ತುಕ್ಕು ಎಳೆಗಳ ಸಂದಿಯಲ್ಲಿ ಒಳಗೊಳಗೇ ಇಳಿಯಬಲ್ಲದು. ಅವುಗಳಲ್ಲಿ ಹೆಚ್ಚಿನವು ಕರಿಮದ್ದಿಗಾಗಿ ಪರೀಕ್ಷೆಗೊಂಡವು. ಇಂದಿನ ಕಾಡತೂಸನ್ನು ಹಾಕದೆ ಗೋಡೆಗೆ ತೂಗುಹಾಕುವುದೇ ಲೇಸು.

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಖಾಸಗಿಯಾಗಿ ಕೋವಿ ಮಾರುವವರು ಜಿಲ್ಲಾಧಿಕಾರಿಗೋ ಹತ್ತಿರದ ಪೊಲೀಸ್ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವರು ಆ ಅವಧಿಯನ್ನು ನಳಿಗೆಯನ್ನು ಬಲ್ಲವರಿಂದ ಅಳೆಸಲು ಬಳಸಿಕೊಳ್ಳಲಿ. ಜಿಲ್ಲಾಡಳಿತಕ್ಕೂ ನನ್ನದೊಂದು ವಿನಂತಿ ಇದೆ. ಈಗ 5 ವರ್ಷಕ್ಕೊಮ್ಮೆ ಪರವಾನಗಿ ನವೀಕರಣವಾಗುವಾಗ ಕೋವಿಯ ನಂಬರನ್ನು ಪುಸ್ತಕದೊಂದಿಗೆ ತಾಳೆ ನೋಡುತ್ತಾರೆ. ಅದೇ ದಿನ ಪೊಲೀಸ್ ಇಲಾಖೆಯ ಆರ್ಮರರ್ (ಕೋವಿಗಳನ್ನು ನೋಡಿಕೊಳ್ಳುವ ಮಿಸ್ತ್ರಿ) ಒಬ್ಬರು ಗೇಜಿನೊಂದಿಗೆ ತಾಲೂಕು ಕೇಂದ್ರಕ್ಕೆ ಬಂದು ನಳಿಗೆಯ ಒಳಗನ್ನೂ ಅಳೆದು, ಆ ಅಳತೆಯನ್ನು ಪರವಾನಗಿ ಪುಸ್ತಕದಲ್ಲಿ ಬರೆಯುವಂತಾಗಬೇಕು. ಆಗ ಮುಂದೆ ಆ ಕೋವಿಯನ್ನು ಕೊಳ್ಳುವವರು ಹಳೆಯ ಅಳತೆಗೆ ಹೊಸದನ್ನು ಹೋಲಿಸಿ ನೋಡಬಹುದು.

ಇಂತಿ,
ಒಬ್ಬ ಅಡಿಕೆ ಬೆಳೆಗಾರ
ಶಿರಸಿ ತಾಲೂಕು, ಉತ್ತರ ಕನ್ನಡ