ಮ್ಯಾರಥಾನ್‌ನಲ್ಲಿ ನೀರೂ ಅತಿಯಾಗಬಹುದು

ಮಾನ್ಯ ಸಂಪಾದಕರೇ,

ವಿದೇಶದ ದೊಡ್ಡ ಮ್ಯಾರಥಾನ್‌ಗಳಿಗೆ ಈಗ ನಮ್ಮ ಊರುಗಳಿಂದಲೂ ಜನ ಹೋಗಿಬರುತ್ತಿದ್ದಾರೆ. ಹೊಸದಾಗಿ ಹೊರಟವರಿಗೆ ಸಿಗುವ ಸಲಹೆಗಳಲ್ಲಿ ‘ಬಾಯಾರಲಿ ಬಿಡಲಿ, ಸಿಕ್ಕಲ್ಲೆಲ್ಲ ನೀರು ಕುಡಿಯಿರಿ’ ಎಂಬುದೂ ಒಂದು. ಅದು ತಪ್ಪು ಸಲಹೆಯೆಂದು ಅನುಭವಿಸಿ ತಿಳಿದವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಎರಡು ವರ್ಷಗಳ ಹಿಂದೆ ನಾನು ನ್ಯೂಯಾರ್ಕ್ ಮ್ಯಾರಥಾನ್‌ಗೆ ಹೋಗಿದ್ದೆ. ನವೆಂಬರ್ ತಿಂಗಳ ಮೊದಲ ಭಾನುವಾರದ ಆ ಓಟ ಸ್ಟೇಟನ್ ಐಲೆಂಡ್‌ನಿಂದ ಹೊರಡುತ್ತದೆ. ಓಟಗಾರರನ್ನು ನಸುಕಿನಲ್ಲೇ ದೋಣಿ, ಬಸ್ಸುಗಳಲ್ಲಿ ಅಲ್ಲಿಗೆ ಸೇರಿಸುವುದರಿಂದ ಚಳಿಯಲ್ಲಿ ಗಂಟೆಗಟ್ಟಲೆ ಕಾಯಬೇಕು. ಮಾಡಲು ಬೇರೆ ಕೆಲಸವಿಲ್ಲದೆ ಆ ಹೊತ್ತಿನಲ್ಲೇ ಎರಡು ಬಾಟಲಿ ನೀರು ಖಾಲಿ ಮಾಡಿದ್ದೆ. ಮುಂದೆ ಹೆಚ್ಚೂಕಡಿಮೆ ಮೈಲಿಗೊಂದರಂತೆ ಬರುವ ನೀರಿನ ಮೇಜುಗಳಲ್ಲಿ ಒಂದನ್ನೂ ಬಿಡಲಿಲ್ಲ. ಕೈಚಾಚಿ ಲೋಟ ಕೊಡುವ ಸ್ವಯಂಸೇವಕರಿಗೆ ಬೇಡವೆನ್ನಲು ಸಂಕೋಚವೂ ಇತ್ತೆನ್ನಿ. ಕ್ವೀನ್ಸ್‌ಬರೊ ಸೇತುವೆ ಹತ್ತುವಾಗ, ಅಂದರೆ ಸುಮಾರು 25ನೇ ಕಿಲೊಮೀಟರಿನಲ್ಲಿ, ಬೆರಳಿನ ಉಂಗುರ ತಿರುಗಿಸಲಾಗದಷ್ಟು ಬಿಗಿಯಾಗಿತ್ತು. ಹೊಟ್ಟೆ ತೊಳಸುತ್ತಿತ್ತು. ನೀರು ಸಾಲದೆ ಹೀಗಾಗಿದೆಯೆಂದು ಮತ್ತೆರಡು ಲೋಟ ಕುಡಿದೆ! ಸೇತುವೆಯಾಚೆ ವೈದ್ಯಕೀಯ ಡೇರೆಯಲ್ಲಿ ಕೂರಿಸಿದ ದಾದಿ ಮೊದಲು ಕೇಳಿದ್ದೇ ಎಷ್ಟು ಲೋಟ ಕುಡಿದಿರಿ ಎಂದು. ಅವರು ನೀರು ಕೊಡಲಿಲ್ಲ, ಬಾಯಿ ಕಟ್ಟುವಷ್ಟು ಉಪ್ಪಾದ ಬಿಸಿ ಸಾರು ಕೊಟ್ಟರು. ಅದು ತರಕಾರಿಯದೋ ಅಲ್ಲವೋ ಎಂದು ವಿಚಾರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನ್ನ ಓಟ ಅಲ್ಲಿಗೇ ಮುಗಿಯಿತು.

ದೀರ್ಘ ಓಟದ ವೇಳೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುವ ಹಾರ್ಮೋನನ್ನು ಸ್ರವಿಸುವುದರಿಂದ, ಕುಡಿದದ್ದನ್ನು ಮೂತ್ರಪಿಂಡಗಳು ಎಂದಿನಂತೆ ಹೊರಹಾಕಲಾರವು. ಆಗ ರಕ್ತದ ಸೋಡಿಯಂ, ಅಂದರೆ ಉಪ್ಪಿನ ಅಂಶ, ತೆಳುವಾಗಿ, ವಿಷಮಿಸಿದರೆ ಮಿದುಳು ಊದಿಕೊಂಡು ಪ್ರಾಣಕ್ಕೇ ಎರವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಇರಬೇಕಾದುದಕ್ಕಿಂತ ಕಡಿಮೆಯಿತ್ತು. ಓಟದ ನಡುವೆ ತೂಕ ಹೆಚ್ಚಿಸಿಕೊಂಡವರಲ್ಲೂ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರಲ್ಲೂ ಅಪಾಯ ಹೆಚ್ಚೆಂದು ಆ ಅಧ್ಯಯನ ತೋರಿಸಿತು. ಬರೀ ನೀರಿನ ಬದಲು ಕ್ರೀಡಾ ಪಾನೀಯ ಕುಡಿದವರಿಗೂ ರಕ್ಷಣೆ ಸಿಕ್ಕಿರಲಿಲ್ಲ. ಹೊಟ್ಟೆ ತಡೆದುಕೊಳ್ಳುವಷ್ಟೂ ಕುಡಿಯಿರಿ ಎಂದು 1996ರಲ್ಲಿ ಹೇಳಿದ್ದ ಅಮೆರಿಕದ ಕ್ರೀಡಾ ವೈದ್ಯರ ಸಂಸ್ಥೆಯೇ 2007ರಲ್ಲಿ ಆ ನಿಲುವನ್ನು ಬದಲಿಸಿತು. ನಮ್ಮ ತರಬೇತುದಾರರಲ್ಲಿ ಕೆಲವರು ಮಾತ್ರ ಇನ್ನೂ ಹಳೆಯ ಪಾಠವನ್ನೇ ಒಪ್ಪಿಸುತ್ತಿದ್ದಾರೆ.

ಇಲ್ಲಿ ಬೆವರು ಸುರಿಸಿ ಅಭ್ಯಾಸ ಮಾಡಿದವರು ಅದೇ ಲೆಕ್ಕದಲ್ಲಿ ಅಲ್ಲಿನ ಚಳಿಯಲ್ಲಿ ಕುಡಿಯುತ್ತಾರೆ, ನಾನು ಮಾಡಿದ್ದೂ ಅದೇ. ಈಗ ಕುಕ್ಕರಹಳ್ಳಿ ಕೆರೆಯ ಏರಿಯಲ್ಲಿ ಒಂದು ಗಂಟೆ ಏನನ್ನೂ ಕುಡಿಯದೆ ಓಡಿ, ಮೊದಲು ಮತ್ತು ನಂತರ ತೂಕ ನೋಡುತ್ತೇನೆ. ಡಿಸೆಂಬರಿನ ಮುಂಜಾನೆ ಅರ್ಧ ಕಿಲೊ ಇಳಿದರೆ ಏಪ್ರಿಲ್‌ನಲ್ಲಿ ಒಂದು ಕಿಲೊ ಇಳಿಯುತ್ತದೆ. ಅರ್ಧ ಕಿಲೊ ಎಂದರೆ ಸುಮಾರು ಅರ್ಧ ಲೀಟರ್ ಬೆವರು. ಗಂಟೆಗೆ ಅದಕ್ಕಿಂತ ಹೆಚ್ಚು ಕುಡಿಯುವ ಕಾರಣವೇ ಇಲ್ಲ, ಬಾಯಾರಿದಾಗ ಕುಡಿದರೆ ಸಾಕು. ಮ್ಯಾರಥಾನ್ ಸಿದ್ಧತೆಯ ಕುರಿತು ತಮ್ಮ ಪತ್ರಿಕೆ ಮುಂದೆ ಲೇಖನ ಪ್ರಕಟಿಸುವಾಗ, ಶೂ ಮತ್ತು ವೀಸಾದ ವಿವರಗಳ ಜತೆಗೆ ಈ ತೂಕದ ಲೆಕ್ಕಕ್ಕೂ ನಾಲ್ಕು ಸಾಲಿನ ಜಾಗ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ಓಟ ಮುಗಿಸದೆ ಮರಳಿದ ಓದುಗ, ಮೈಸೂರು